ಮರೆತುಹೋದ ಪ್ರಣಯ ಹಾಸ್ಯಚಿತ್ರಗಳು: ಸಂಗ್ರಹಕ್ಕೆ ಇಳಿಯುವವರು ಪ್ರತಿಯನ್ನು ಓದುವ ಬಗೆ

ಹಳೆಯ ಚಲನಚಿತ್ರಗಳನ್ನು ಕೂಡಿಡುವವರಲ್ಲಿ ಭಯಾನಕ ಚಿತ್ರಗಳ ಬೆನ್ನು ಹತ್ತಿದವರು, ಅಪರಾಧ ಕಥೆಗಳಿಗೆ ಮನಸೋತವರು, ಮೂಕಿ ಯುಗವನ್ನು ಬಿಟ್ಟು ಈಚೆಗೆ ಬಾರದವರು ಎಂದು ಹಲವು ಬಗೆಯವರಿದ್ದಾರೆ. ಇವರ ನಡುವೆ, 1920ರ ದಶಕದ ಕೊನೆಯಿಂದ 1950ರ ದಶಕದವರೆಗೆ ತಯಾರಾಗಿ, ಚಿತ್ರಮಂದಿರಗಳಲ್ಲಿ ಕೆಲವು ದಿನ ಓಡಿ, ಆಮೇಲೆ ಯಾರ ಬಾಯಲ್ಲೂ ಬಾರದೆ ಹೋದ ಪ್ರಣಯ ಹಾಸ್ಯಚಿತ್ರಗಳನ್ನೇ ಅರಸುವ ಒಂದು ಸಣ್ಣ ಗುಂಪೂ ಇದೆ. ಕೊನೆಗೆ ಇಬ್ಬರೂ ಒಂದಾಗುತ್ತಾರೆಂದು ಮೊದಲ ದೃಶ್ಯದಲ್ಲೇ ಗೊತ್ತಾಗುವ ಕಥೆಗಾಗಿ ಇಷ್ಟು ಪಾಡು ಪಡಬೇಕೆ ಎಂದು ಕೇಳುವವರೇ ಹೆಚ್ಚು. ಆ ಗುಂಪಿಗೆ ಹೊಸದಾಗಿ ಸೇರಲಿರುವವರಿಗಾಗಿ ಈ ಬರಹ. ಉದಾಹರಣೆಗಳನ್ನು ಹಾಲಿವುಡ್‌ನಿಂದ ಆರಿಸಿಕೊಂಡಿದ್ದೇನೆ; ಅಲ್ಲಿನ ಚಿತ್ರಗಳ ಬಗ್ಗೆ ಕಾಗದದ ದಾಖಲೆ ಹೇರಳವಾಗಿ ಉಳಿದಿರುವುದರಿಂದ ಕಲಿಯುವವರಿಗೆ ಅದು ಅನುಕೂಲ.

ಸೆಳೆತ ಎಲ್ಲಿದೆ

ಕಥೆ ಮೊದಲೇ ಗೊತ್ತಿರುವುದೇ ಈ ಚಿತ್ರಗಳ ಸೆಳೆತಕ್ಕೆ ಮೂಲ. ಏನಾಗುತ್ತದೆ ಎಂಬ ಕುತೂಹಲ ತೀರಿಹೋದಾಗ ಹೇಗಾಗುತ್ತದೆ ಎಂಬುದರ ಮೇಲೆ ಕಣ್ಣು ನಿಲ್ಲುತ್ತದೆ: ಮಾತಿಗೆ ಮಾತು ಎಷ್ಟು ಬೇಗ ಬಂತು, ಬಾಗಿಲು ಯಾವ ಗಳಿಗೆಯಲ್ಲಿ ತೆರೆಯಿತು, ನಾಯಕಿ ದೂರವಾಣಿ ಕೆಳಗಿಡುವ ಮುನ್ನ ಅರೆಕ್ಷಣ ತಡೆದಳೋ ಇಲ್ಲವೋ. ಫ್ರಾಂಕ್ ಕ್ಯಾಪ್ರಾ ನಿರ್ದೇಶಿಸಿದ 1934ರ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಐದು ಪ್ರಮುಖ ಆಸ್ಕರ್ ಪ್ರಶಸ್ತಿಗಳನ್ನು ಬಾಚಿಕೊಂಡ ಮೇಲೆ ಸ್ಟುಡಿಯೊಗಳೆಲ್ಲ ಅದೇ ಅಚ್ಚಿಗೆ ಎರಕ ಹೊಯ್ಯತೊಡಗಿದವು. ಸಿರಿವಂತೆ ಹುಡುಗಿ, ಮಾತಿನಮಲ್ಲ ಪತ್ರಕರ್ತ, ಸುಳ್ಳು ಮದುವೆ, ತಪ್ಪಾಗಿ ಕೈಗೆ ಬಂದ ಪತ್ರ ಇವೇ ಸಾಮಗ್ರಿಗಳಿಂದ ತಯಾರಾದ ಚಿತ್ರಗಳಲ್ಲಿ ಕೆಲವು ಇಂದಿಗೂ ಎಲ್ಲರ ನೆನಪಿನಲ್ಲಿವೆ, ಮಿಕ್ಕವು ಮೂಲೆಗುಂಪಾದವು. ಮೂಲೆಗುಂಪಾದದ್ದೆಲ್ಲ ಕಳಪೆಯಲ್ಲ; ಕಳಪೆಯೂ ಸಾಕಷ್ಟಿದೆ ಎಂಬುದನ್ನು ಮಾತ್ರ ಮುಚ್ಚಿಡಬಾರದು.

ದೊಡ್ಡ ಚಿತ್ರಗಳಲ್ಲಿ ಮೂರು ನಿಮಿಷ ಬಂದು ಹೋಗುವ ಪೋಷಕ ನಟರು ಈ ಸಣ್ಣ ಚಿತ್ರಗಳಲ್ಲಿ ಇಡೀ ಮನೆಯ ಭಾರ ಹೊರುತ್ತಾರೆ. ಸದಾ ತಬ್ಬಿಬ್ಬಾಗುವ ಗೆಳೆಯನಾಗಿ ಎಡ್ವರ್ಡ್ ಎವರೆಟ್ ಹಾರ್ಟನ್, ಯಜಮಾನನಿಗಿಂತ ಒಂದು ತೂಕ ಹೆಚ್ಚೇ ಗತ್ತಿನ ಸೇವಕನಾಗಿ ಎರಿಕ್ ಬ್ಲೋರ್, ಸಿಡಿಮಿಡಿಗೊಳ್ಳುವ ಹೋಟೆಲ್ ಗುಮಾಸ್ತನಾಗಿ ಫ್ರಾಂಕ್ಲಿನ್ ಪ್ಯಾಂಗ್‌ಬಾರ್ನ್ ಇವರನ್ನು ಹಿಂಬಾಲಿಸುತ್ತ ಹೋದರೆ ನಾಯಕ ನಾಯಕಿಯರ ಹೆಸರೇ ಮರೆತುಹೋಗುವ ಹಂತ ಬರುತ್ತದೆ. ನನ್ನ ಮಟ್ಟಿಗೆ ಸಂಗ್ರಹದ ಹುಚ್ಚು ಶುರುವಾದದ್ದೇ ಅಲ್ಲಿಂದ.

ಹೋಲಿಕೆಯ ಸುಖ ಇನ್ನೊಂದು. ಆರ್‌ಕೆಓ ಸಂಸ್ಥೆಯ 1933ರ ‘ರಾಫ್ಟರ್ ರೋಮ್ಯಾನ್ಸ್’ ಚಿತ್ರದಲ್ಲಿ ಜಿಂಜರ್ ರೋಜರ್ಸ್ ಮತ್ತು ನಾರ್ಮನ್ ಫಾಸ್ಟರ್ ಒಂದೇ ಅಟ್ಟದ ಕೋಣೆಯ ಬಾಡಿಗೆದಾರರು. ಹಗಲು ದುಡಿಯುವ ಅವಳಿಗೆ ರಾತ್ರಿ, ರಾತ್ರಿ ದುಡಿಯುವ ಅವನಿಗೆ ಹಗಲು. ಮುಖ ನೋಡದೆ ಚೀಟಿಗಳ ಮೂಲಕವೇ ಜಗಳವಾಡುವ ಇಬ್ಬರೂ ಹೊರಗೆ ಒಬ್ಬರನ್ನೊಬ್ಬರು ಕಂಡು, ಯಾರೆಂದು ತಿಳಿಯದೆ ಮನಸ್ಸು ಕೊಡುತ್ತಾರೆ. ಇದೇ ಕಥೆಯನ್ನು ಅದೇ ಸಂಸ್ಥೆ 1937ರಲ್ಲಿ ‘ಲಿವಿಂಗ್ ಆನ್ ಲವ್’ ಎಂಬ ಹೆಸರಿನಲ್ಲಿ ಬೇರೆ ನಟರನ್ನಿಟ್ಟು ಮತ್ತೆ ತೆಗೆಯಿತು. ತೆರೆಯ ಮೇಲೆ ಏನು ತೋರಿಸಬಹುದು, ಏನು ಕೂಡದು ಎಂದು ಗೊತ್ತುಪಡಿಸಿದ ಹಾಲಿವುಡ್‌ನ ನೀತಿಸಂಹಿತೆ 1930ರಲ್ಲೇ ಕಾಗದದ ಮೇಲೆ ಬಂದಿದ್ದರೂ ಅದರ ಹಿಡಿತ ಬಿಗಿಯಾದದ್ದು 1934ರ ಜುಲೈನಿಂದ. ಆದ್ದರಿಂದ ಎರಡೂ ಚಿತ್ರಗಳನ್ನು ಒಂದರ ಬೆನ್ನಿಗೊಂದು ಹಾಕಿ ನೋಡಿದರೆ, ಅಪರಿಚಿತ ಗಂಡು ಹೆಣ್ಣು ಒಂದೇ ಕೋಣೆಯನ್ನು ಹಂಚಿಕೊಳ್ಳುವ ಸನ್ನಿವೇಶವನ್ನು ಆ ಗೆರೆಯ ಆಚೆ ಹೇಗೆ ಹೇಳಿದರು, ಈಚೆ ಹೇಗೆ ಹೇಳಿದರು ಎಂಬುದು ಯಾವ ಪುಸ್ತಕವೂ ಹೇಳಿಕೊಡದಷ್ಟು ನಿಚ್ಚಳವಾಗಿ ಕಾಣುತ್ತದೆ.

ಒಂದು ಎಳೆ ಹಿಡಿಯುವುದು

ಕೈಗೆ ಸಿಕ್ಕಿದ್ದನ್ನೆಲ್ಲ ಕೊಳ್ಳುವ ಬದಲು ಒಂದು ಎಳೆಯನ್ನು ಹಿಡಿದು ಹೊರಡಿರಿ. ಅದು ಒಬ್ಬ ಪೋಷಕ ನಟನಾಗಬಹುದು, ಒಂದು ಸ್ಟುಡಿಯೊ ಆಗಬಹುದು, ಮರುತಯಾರಾದ ಕಥೆಗಳ ಜೋಡಿಗಳಾಗಬಹುದು. ಹೆಸರಾಂತ ನಿರ್ದೇಶಕರನ್ನು ಬಿಡಿ, ಅವರ ಚಿತ್ರಗಳಿಗೆ ಕಾವಲುಗಾರರು ಬೇಕಾದಷ್ಟಿದ್ದಾರೆ. ವಿಲಿಯಂ ಎ. ಸೈಟರ್‌ನಂಥ ಕಸುಬುದಾರನನ್ನು ಹಿಡಿದರೆ ನೋಡಿ: 1926ರಲ್ಲಿ ರೆಜಿನಾಲ್ಡ್ ಡೆನ್ನಿ ಮತ್ತು ಲಾರಾ ಲ ಪ್ಲಾಂಟ್ ಜೋಡಿಯ ಮೂಕಿ ಹಾಸ್ಯ, 1929ರಲ್ಲಿ ಕಾಲೀನ್ ಮೂರ್ ನಟಿಸಿದ ‘ವೈ ಬಿ ಗುಡ್?’, ಮೇಲೆ ಹೇಳಿದ ‘ರಾಫ್ಟರ್ ರೋಮ್ಯಾನ್ಸ್’, 1935ರಲ್ಲಿ ಜೀನ್ ಆರ್ಥರ್ ನಟಿಸಿದ ‘ಇಫ್ ಯು ಕುಡ್ ಓನ್ಲಿ ಕುಕ್’ ಎಲ್ಲವೂ ಅವನವೇ. ಈ ಕೊನೆಯ ಚಿತ್ರವನ್ನು ಬ್ರಿಟನ್‌ನಲ್ಲಿ ಕ್ಯಾಪ್ರಾ ತಯಾರಿಕೆಯೆಂದು ಸುಳ್ಳೇ ಪ್ರಚಾರ ಮಾಡಿದ್ದರಿಂದ ಕ್ಯಾಪ್ರಾ ತನ್ನದೇ ಸ್ಟುಡಿಯೊ ಕೊಲಂಬಿಯಾದ ಮೇಲೆ ದಾವೆ ಹೂಡಿದ್ದ. ಗೆದ್ದದ್ದು ಯಾರೇ ಆಗಲಿ, ಚಿತ್ರ ತೆಗೆದ ಸೈಟರ್‌ನ ಹೆಸರು ಆ ಗಲಾಟೆಯಲ್ಲಿ ಯಾರಿಗೂ ನೆನಪಾಗಲಿಲ್ಲ ಎಂಬುದೇ ಅವನನ್ನು ಹುಡುಕಲು ಸಾಕಷ್ಟು ಕಾರಣ.

ಎಳೆ ಸಿಕ್ಕಿದ ಮೇಲೆ ಕೊಳ್ಳುವ ಮುನ್ನ ಓದಬೇಕು. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಪಟ್ಟಿಯಲ್ಲಿ ಚಿತ್ರದ ಮೂಲ ಅವಧಿ, ರೀಲುಗಳ ಸಂಖ್ಯೆ, ಬಿಡುಗಡೆಯ ದಿನಾಂಕ ಸಿಗುತ್ತವೆ. ಇವನ್ನು ಮೊದಲು ಬರೆದಿಟ್ಟುಕೊಳ್ಳಿರಿ, ಮುಂದೆ ಪ್ರತಿ ಹೆಜ್ಜೆಗೂ ಇವೇ ಅಳತೆಗೋಲು. ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿಯಲ್ಲಿ ಆ ಕಾಲದ ಸಿನಿಮಾ ಪತ್ರಿಕೆಗಳು ಉಚಿತವಾಗಿ ಓದಲು ಲಭ್ಯವಿವೆ. ಅವುಗಳಲ್ಲಿ ‘ಮೋಷನ್ ಪಿಕ್ಚರ್ ಹೆರಾಲ್ಡ್’ ಪತ್ರಿಕೆಗೆ ಸಣ್ಣ ಊರುಗಳ ಚಿತ್ರಮಂದಿರದ ಮಾಲೀಕರು ಬರೆಯುತ್ತಿದ್ದ ಅಂಕಣವೊಂದಿದೆ. ಯಾವ ಚಿತ್ರಕ್ಕೆ ಜನ ಬಂದರು, ಯಾವುದಕ್ಕೆ ಮಧ್ಯದಲ್ಲೇ ಎದ್ದುಹೋದರು ಎಂದು ಅವರು ಮುಲಾಜಿಲ್ಲದೆ ಬರೆದದ್ದು ವಿಮರ್ಶಕರ ಪ್ರಬಂಧಗಳಿಗಿಂತ ಎಷ್ಟೋ ಮೇಲು. ವಿಮರ್ಶಕರು ಎರಡು ಸಾಲಿನಲ್ಲಿ ಮುಗಿಸಿದ ಚಿತ್ರಕ್ಕೆ ಇಲ್ಲಿ ಮಾಲೀಕನೊಬ್ಬನ ಬೆನ್ನುತಟ್ಟುವಿಕೆ ಕಂಡರೆ ನನ್ನ ಪಟ್ಟಿಗೆ ಅದು ತಕ್ಷಣ ಸೇರುತ್ತದೆ.

ಮರೆವಿನ ಕಾರಣವನ್ನು ತಿಳಿದುಕೊಳ್ಳಿರಿ

ಚಿತ್ರವೊಂದು ಏಕೆ ಕಣ್ಮರೆಯಾಯಿತು ಎಂಬುದು ಗೊತ್ತಾದರೆ ಅದು ಎಲ್ಲಿ ಸಿಕ್ಕೀತು ಎಂಬುದರ ಸುಳಿವೂ ಸಿಗುತ್ತದೆ. ಕೆಲವಕ್ಕೆ ಹಕ್ಕುಗಳ ತೊಡಕು. ನಿರ್ಮಾಪಕ ಮೆರಿಯನ್ ಸಿ. ಕೂಪರ್ ತನಗೆ ಬರಬೇಕಾದ ಹಣ ಬಂದಿಲ್ಲವೆಂದು ಆರ್‌ಕೆಓ ಜೊತೆ ತಗಾದೆ ತೆಗೆದು, 1946ರ ರಾಜಿಯಲ್ಲಿ ಆರು ಚಿತ್ರಗಳ ಹಕ್ಕನ್ನು ಪಡೆದ. ‘ರಾಫ್ಟರ್ ರೋಮ್ಯಾನ್ಸ್’ ಮತ್ತು ಅದರ ಮರುತಯಾರಿಕೆ ಎರಡೂ ಅದರಲ್ಲಿದ್ದವು. 1950ರ ದಶಕದಲ್ಲಿ ಒಂದಿಷ್ಟು ಟಿವಿ ಪ್ರದರ್ಶನ ಕಂಡದ್ದು ಬಿಟ್ಟರೆ ಆ ಆರೂ ಚಿತ್ರಗಳು ದಶಕಗಳ ಕಾಲ ಹೊರಬರಲಿಲ್ಲ. ಹಳೆಯ ಚಿತ್ರಗಳನ್ನು ಪ್ರಸಾರ ಮಾಡುವ ಟಿಸಿಎಂ ಎಂಬ ಟಿವಿ ವಾಹಿನಿ ಹಕ್ಕುಗಳನ್ನು ಪಡೆದು 2007ರಲ್ಲಿ ಪ್ರಸಾರ ಮಾಡಿದ ಮೇಲೆಯೇ ಅವು ಮತ್ತೆ ಬೆಳಕು ಕಂಡವು. ಇಂಥ ಚಿತ್ರಕ್ಕಾಗಿ ಹಳೆಯ ಟಿವಿ ಪ್ರತಿಗಳ ರಾಶಿ ಕೆದಕಿ ಪ್ರಯೋಜನ ಕಡಿಮೆ; ಕಾನೂನುಬದ್ಧ ಡಿವಿಡಿಗೇ ಕಾಯುವುದು ಲೇಸು.

ಮೂಕಿ ಯುಗದ ಚಿತ್ರಗಳದು ಬೇರೆ ಕಥೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 1912ರಿಂದ 1929ರವರೆಗಿನ ಸುಮಾರು 11,000 ಅಮೆರಿಕನ್ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲೇ ಉಳಿದಿರುವುದು ಶೇ. 14 ಮಾತ್ರ. ಉಳಿದವು ಸಿಕ್ಕರೆ ಹೆಚ್ಚಾಗಿ ಪರದೇಶದಲ್ಲೇ ಸಿಗುತ್ತವೆ, ಏಕೆಂದರೆ ಪ್ರದರ್ಶನ ಮುಗಿದ ಪ್ರಿಂಟುಗಳನ್ನು ವಾಪಸು ಸಾಗಿಸುವ ಖರ್ಚು ಯಾರಿಗೂ ಬೇಡವಾಗಿತ್ತು.

ಪ್ರತಿಯನ್ನು ಓದುವುದು

ಈ ಬರಹದ ಮುಖ್ಯ ಭಾಗ ಇದು. ಒಂದು ಅಪರಾಧ ಚಿತ್ರದಲ್ಲಿ ಎರಡು ನಿಮಿಷ ಕತ್ತರಿಸಿಹೋದರೂ ಕೊಲೆಗಾರ ಯಾರೆಂದು ಕೊನೆಗೆ ತಿಳಿದೇ ತಿಳಿಯುತ್ತದೆ. ಹಾಸ್ಯ ಹಾಗಲ್ಲ, ಮೊದಲ ರೀಲಿನಲ್ಲಿ ಬಿತ್ತಿದ್ದು ಕೊನೆಯ ರೀಲಿನಲ್ಲಿ ಫಲ ಕೊಡಬೇಕು, ನಡುವೆ ಒಮ್ಮೆ ನೀರು ಹಾಯಿಸಿರಬೇಕು. ಹಲವು ವರ್ಷಗಳ ಹಿಂದೆ ನಾನು ಕೊಂಡ 16 ಮಿ.ಮೀ. ಪ್ರಿಂಟೊಂದರಲ್ಲಿ ನಾಯಕ ಆರಂಭದಲ್ಲೇ ಟ್ಯಾಕ್ಸಿಯೊಳಗೆ ಕೊಡೆ ಮರೆಯುತ್ತಾನೆ. ಕೊನೆಯ ದೃಶ್ಯದಲ್ಲಿ ಪೊಲೀಸ್ ಠಾಣೆಯೊಳಗೆ ಯಾರೋ ಒಂದು ಕೊಡೆ ಬಿಚ್ಚುತ್ತಾರೆ, ಅಲ್ಲಿರುವವರೆಲ್ಲ ಬೆಚ್ಚಿ ಹಿಂದೆ ಸರಿಯುತ್ತಾರೆ. ಅದರಲ್ಲಿ ನಗುವಂಥದ್ದೇನಿದೆ ಎಂದು ತಿಳಿಯದೆ, ಕಥೆ ಬರೆದವನಿಗೆ ಬುದ್ಧಿ ಸಾಲದೆಂದು ಬಹಳ ಕಾಲ ಅಂದುಕೊಂಡಿದ್ದೆ. ಇನ್ನೊಬ್ಬ ಸಂಗ್ರಾಹಕರ ಬಳಿ ಪೂರ್ಣ ಪ್ರತಿಯನ್ನು ನೋಡಿದಾಗ, ಆ ಕೊಡೆ ಕೈಯಿಂದ ಕೈಗೆ ಹೋಗಿ ಹೋದಲ್ಲೆಲ್ಲ ಅನಾಹುತ ಮಾಡುವ ಆರು ನಿಮಿಷಗಳು ನನ್ನ ಪ್ರಿಂಟಿನ ಎರಡನೆಯ ರೀಲಿನಲ್ಲಿ ಇರಲೇ ಇಲ್ಲವೆಂದು ತಿಳಿಯಿತು. ಮಾರಿದವರು ‘ಪೂರ್ಣ’ ಎಂದೇ ಬರೆದಿದ್ದರು, ಅವರೂ ಪೂರ್ತಿ ನೋಡಿರಲಾರರು.

ಆದ್ದರಿಂದ ಮೊದಲು ಉದ್ದವನ್ನು ಅಳೆಯಿರಿ. 16 ಮಿ.ಮೀ. ಟಾಕಿ ಫಿಲ್ಮ್ ನಿಮಿಷಕ್ಕೆ 36 ಅಡಿ ಓಡುತ್ತದೆ; 400 ಅಡಿಯ ರೀಲಿಗೆ ಹನ್ನೊಂದು ನಿಮಿಷ, 70 ನಿಮಿಷದ ಚಿತ್ರಕ್ಕೆ 2,520 ಅಡಿ. ಪಟ್ಟಿಯಲ್ಲಿ 72 ನಿಮಿಷವೆಂದಿರುವ ಚಿತ್ರ ನಿಮ್ಮ ಕೈಯಲ್ಲಿ 53 ನಿಮಿಷಕ್ಕೆ ಮುಗಿದರೆ, ಜಾಹೀರಾತು ಸೇರಿ ಒಂದು ಗಂಟೆಯೊಳಗೆ ಕೂರಿಸಲು ಟಿವಿಯವರು ಕತ್ತರಿ ಆಡಿಸಿದ್ದಾರೆಂದು ಶಂಕಿಸಬಹುದು. ಡಿವಿಡಿ ಅಥವಾ ಟೇಪಿನಲ್ಲಿ ಅದೇ ಚಿತ್ರ 69 ನಿಮಿಷವಿದ್ದರೆ ಗಾಬರಿ ಬೇಡ: ಪಾಲ್ ಎಂಬ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳ (ಫ್ರೇಮುಗಳ) ಚಿತ್ರವನ್ನು 25ರ ವೇಗದಲ್ಲಿ ಓಡಿಸುವುದರಿಂದ ಶೇ. 4ರಷ್ಟು ಸಮಯ ಕುಗ್ಗುತ್ತದೆ, ದನಿಯೂ ಒಂದಿಷ್ಟು ಏರುತ್ತದೆ. ಕತ್ತರಿಸಿದ್ದಕ್ಕೂ ಕುಗ್ಗಿದ್ದಕ್ಕೂ ವ್ಯತ್ಯಾಸ ತಿಳಿಯದೆ ಒಳ್ಳೆಯ ಪ್ರತಿಯನ್ನು ಬಿಟ್ಟುಕೊಟ್ಟವರಿದ್ದಾರೆ.

ಆಮೇಲೆ ಆರಂಭದ ಶೀರ್ಷಿಕೆಗಳನ್ನು ನೋಡಿರಿ. 1950ರ ದಶಕದ ನಡುವಿನಲ್ಲಿ ಸ್ಟುಡಿಯೊಗಳು ತಮ್ಮ ಹಳೆಯ ಚಿತ್ರಗಳನ್ನು ರಾಶಿರಾಶಿಯಾಗಿ ಟಿವಿ ವಿತರಕರಿಗೆ ಮಾರಿದವು: ಆರ್‌ಕೆಓ ಚಿತ್ರಗಳು ಸಿ ಆ್ಯಂಡ್ ಸಿ ಎಂಬ ಸಂಸ್ಥೆಗೆ, ವಾರ್ನರ್ ಚಿತ್ರಗಳು ಎಎಪಿ ಎಂಬ ಸಂಸ್ಥೆಗೆ, ಪ್ಯಾರಮೌಂಟ್‌ನ 1929ರಿಂದ 1949ರವರೆಗಿನವು 1958ರಲ್ಲಿ ಎಂಸಿಎ ಸಂಸ್ಥೆಗೆ. ಹೊಸ ಒಡೆಯರು ಸ್ಟುಡಿಯೊದ ಮೂಲ ಲಾಂಛನ ಕಿತ್ತು ತಮ್ಮದನ್ನು ಅಂಟಿಸಿದ್ದುಂಟು. ಇಂಥ ಪ್ರಿಂಟನ್ನು ನೋಡಿ ಮೂಗು ಮುರಿಯುವ ಸಂಗ್ರಾಹಕರೊಂದಿಗೆ ನನ್ನ ತಕರಾರಿದೆ. ಲಾಂಛನ ಹೋದರೂ ಚಿತ್ರ ಪೂರ್ತಿ ಉಳಿದಿರುವ ಪ್ರಿಂಟು, ಲಾಂಛನವಿದ್ದು ನಡುವೆ ಹತ್ತು ಕಡೆ ಹರಿದಿರುವ ಪ್ರಿಂಟಿಗಿಂತ ಮೇಲು. 1934ಕ್ಕೆ ಮುಂಚಿನ ಚಿತ್ರವಾದರೆ ಇನ್ನೊಂದು ಎಚ್ಚರ ಬೇಕು: ನೀತಿಸಂಹಿತೆ ಬಿಗಿಯಾದ ಮೇಲೆ ಮರುಬಿಡುಗಡೆಗೆಂದು ಕೆಲವು ಚಿತ್ರಗಳ ನೆಗೆಟಿವ್‌ನಲ್ಲೇ ಕತ್ತರಿ ಬಿತ್ತು, ಹಾಗಾಗಿ ಶುಭ್ರವಾಗಿ ಕಾಣುವ ಸ್ಟುಡಿಯೊ ಪ್ರತಿಯೂ ಅಪೂರ್ಣವಾಗಿರಬಹುದು.

ಜೋಡಣೆಗಳನ್ನು ಬೆರಳಿನಿಂದಲೇ ಎಣಿಸಬಹುದು. ಹತ್ತಿಯ ಕೈಗವಸು ತೊಟ್ಟು, ಫಿಲ್ಮಿನ ಅಂಚನ್ನು ಹಗುರವಾಗಿ ಬೆರಳ ನಡುವೆ ಹಿಡಿದು ನಿಧಾನವಾಗಿ ಸುತ್ತುತ್ತ ಹೋದರೆ ಅಂಟಿಸಿದ ಜಾಗ ಬಂದಾಗ ಗಂಟಿನಂತೆ ತಡೆಯುತ್ತದೆ. ಎಂಟು ಚೌಕಟ್ಟು ಹೋಗಿದ್ದರೆ ಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೋಯಿತು ಅಷ್ಟೇ, ಆದರೆ ನಾಯಕಿಯ ಮರುಮಾತಿನ ಮೊದಲ ಅಕ್ಷರಗಳು ಅದರಲ್ಲೇ ಇದ್ದರೆ ನಗು ಸತ್ತಿತು. 16 ಮಿ.ಮೀ. ಪ್ರಿಂಟಿನಲ್ಲಿ ಧ್ವನಿ ತನ್ನ ಚಿತ್ರಕ್ಕಿಂತ 26 ಚೌಕಟ್ಟು ಮುಂದಿರುವುದರಿಂದ, ಚಿತ್ರ ಜಿಗಿದಲ್ಲೇ ಮಾತು ಜಿಗಿಯುವುದಿಲ್ಲ. ಒಂದೇ ಕಡಿತ ಎರಡು ಬಾರಿ ಕಾಡುತ್ತದೆ. ರೀಲಿನ ಕೊನೆಯಲ್ಲಿ ಬಲ ಮೇಲ್ಮೂಲೆಯ ಗುರುತುಗಳನ್ನೂ ನೋಡಿರಿ: ಮೊದಲನೆಯದು ಮುಂದಿನ ಪ್ರೊಜೆಕ್ಟರ್ ಚಾಲೂ ಮಾಡಲು, ಸುಮಾರು ಏಳು ಸೆಕೆಂಡಿನ ನಂತರದ ಎರಡನೆಯದು ಬದಲಾಯಿಸಲು. ಅವು ಅಚ್ಚಾಗಿ ಬಂದ ದುಂಡು ಚುಕ್ಕೆಗಳಾಗಿದ್ದರೆ ಸರಿ. ಮೊಳೆಯಿಂದ ಗೀಚಿದ ಅಡ್ಡಾದಿಡ್ಡಿ ಗುರುತುಗಳ ಸಾಲೇ ಇದ್ದರೆ ಆ ಪ್ರಿಂಟು ಹಲವು ಒರಟು ಕೈಗಳನ್ನು ದಾಟಿ ಬಂದಿದೆಯೆಂದು ಅರ್ಥ, ಮತ್ತು ಕಡಿತಗಳು ಹೆಚ್ಚಾಗಿ ರೀಲಿನ ತುದಿಗಳಲ್ಲೇ ಇರುತ್ತವೆ.

1953ರ ನಂತರದ ಅಗಲ ತೆರೆಯ ಚಿತ್ರಗಳಲ್ಲಿ ಚೌಕಟ್ಟನ್ನೂ ಪರೀಕ್ಷಿಸಬೇಕು. ಎತ್ತರವನ್ನು 1 ಎಂದಿಟ್ಟುಕೊಂಡರೆ, ಸಿನಿಮಾಸ್ಕೋಪ್‌ನ 2.35ರ ಅಗಲವನ್ನು ಹಳೆಯ ಟಿವಿಯ 1.33ಕ್ಕೆ ಕತ್ತರಿಸಿದಾಗ ಚಿತ್ರದ ಶೇ. 43ರಷ್ಟು ಹೊರಗುಳಿಯುತ್ತದೆ. ಸೋಫಾದ ಈ ತುದಿಯಲ್ಲಿ ಅವಳು, ಆ ತುದಿಯಲ್ಲಿ ಅವನು, ನಡುವಿನ ಖಾಲಿ ಜಾಗವೇ ದೃಶ್ಯದ ಹಾಸ್ಯವಾಗಿರುವಾಗ ಉಳಿಯುವುದು ಒಂದು ಕಿವಿ ಮತ್ತು ಒಂದು ಮೊಣಕೈ. ಅಂಥ ಟೇಪನ್ನು ಬೇರೆ ಪ್ರತಿ ಇಲ್ಲವೇ ಇಲ್ಲವೆಂಬಾಗ ಮಾತ್ರ ಇಟ್ಟುಕೊಳ್ಳಿರಿ.

ಫಿಲ್ಮಿನ ಜಾತಿ ಮತ್ತು ಅದರ ಕಾಯಿಲೆಗಳು

35 ಮಿ.ಮೀ. ಫಿಲ್ಮ್ 1950ರ ದಶಕದ ಆರಂಭದವರೆಗೂ ನೈಟ್ರೇಟ್ ಆಗಿರುವ ಸಾಧ್ಯತೆ ಇದೆ. ಅದು ಹೊತ್ತಿಕೊಂಡರೆ ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಮನೆಯಲ್ಲಿ ಇಡಬಾರದು, ಸಾಮಾನ್ಯ ಅಂಚೆಯಲ್ಲಿ ಕಳಿಸಬಾರದು. ಅಂಚಿನಲ್ಲಿ, ಇದು ನೈಟ್ರೇಟ್ ಅಲ್ಲ ಎಂದು ಸೂಚಿಸುವ ‘ಸೇಫ್ಟಿ’ ಎಂಬ ಪದ ಕಂಡ ಕೂಡಲೇ ನಿಶ್ಚಿಂತರಾಗಬೇಡಿರಿ, ಏಕೆಂದರೆ ಹಿಂದಿನ ತಲೆಮಾರಿನ ಫಿಲ್ಮಿನ ಅಂಚಿನ ಬರಹವೂ ಪ್ರತಿಗೆ ಅಚ್ಚಾಗಿ ಬರುತ್ತದೆ. ಕಪ್ಪು ಬಿಳುಪು ಪ್ರಿಂಟಿನಲ್ಲಿ ಕಪ್ಪಾಗಿ ಕಾಣುವ ಅಕ್ಷರ ಸಾಮಾನ್ಯವಾಗಿ ಆ ಫಿಲ್ಮಿನದೇ, ಬಿಳಿಯಾಗಿ ಪಾರದರ್ಶಕವಾಗಿ ಕಾಣುವುದು ನೆಗೆಟಿವ್‌ನಿಂದ ಬಂದದ್ದು. 16 ಮಿ.ಮೀ.ಯನ್ನು ಕೊಡ್ಯಾಕ್ 1923ರಲ್ಲಿ ಮನೆಬಳಕೆಗೆಂದು ತಂದಾಗಲೇ ಸುರಕ್ಷಿತ ಅಸಿಟೇಟ್ ಮೇಲೆ ತಂದಿತು, ಹೊಸಬರು ಅದರಿಂದಲೇ ಆರಂಭಿಸಬೇಕೆಂದು ನಾನು ಹೇಳುವುದಕ್ಕೆ ಇದೊಂದೇ ಕಾರಣ ಸಾಕು. ಕೊಡ್ಯಾಕ್ ಫಿಲ್ಮಿನ ಅಂಚಿನಲ್ಲಿ ವೃತ್ತ, ಚೌಕ, ತ್ರಿಕೋನದಂಥ ಸಣ್ಣ ಚಿಹ್ನೆಗಳಿರುತ್ತವೆ. ಫಿಲ್ಮ್ ತಯಾರಾದ ವರ್ಷವನ್ನು ಅವು ಸೂಚಿಸುತ್ತವೆ. ಇಪ್ಪತ್ತು ವರ್ಷಕ್ಕೊಮ್ಮೆ ಅದೇ ಚಿಹ್ನೆ ಮರಳಿ ಬರುತ್ತಿದ್ದುದರಿಂದ, 1937 ಎಂದು ಓದಿದ್ದು 1957 ಆಗಿರಬಹುದು.

ಅಸಿಟೇಟ್‌ಗೆ ಬೆಂಕಿಯ ಭಯವಿಲ್ಲ, ಆದರೆ ಅದಕ್ಕೆ ವಿನೆಗರ್ ರೋಗ ತಗಲುತ್ತದೆ. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಮೂಗಿಗೆ ಹುಳಿ ವಾಸನೆ ಬಡಿದರೆ ಫಿಲ್ಮಿನ ತಳ ಒಡೆದು ಅಸಿಟಿಕ್ ಆಮ್ಲ ಹೊರಬರುತ್ತಿದೆಯೆಂದು ತಿಳಿಯಿರಿ. ಆ ಆಮ್ಲವೇ ಮುಂದಿನ ಕೊಳೆತಕ್ಕೆ ವೇಗ ಕೊಡುತ್ತದೆ. ವಾಸಿಮಾಡುವ ಮದ್ದಿಲ್ಲ, ತಂಪು ಮತ್ತು ಒಣ ಹವೆಯಲ್ಲಿಟ್ಟು ಗತಿಯನ್ನು ನಿಧಾನಗೊಳಿಸಬಹುದು ಅಷ್ಟೇ. ಹಬೆ ಅಕ್ಕಪಕ್ಕದ ರೀಲುಗಳಿಗೂ ಹತ್ತುವುದರಿಂದ ಅಂಥ ರೀಲನ್ನು ಬೇರೆಯಾಗಿಡಬೇಕು. ವಾಸನೆ ಹಿಡಿಯುವ ಮೊದಲೇ ಪತ್ತೆ ಹಚ್ಚಲು ಎ-ಡಿ ಪಟ್ಟಿಗಳೆಂಬ ಕಾಗದದ ಚೂರುಗಳು ಸಿಗುತ್ತವೆ. ಡಬ್ಬಿಯೊಳಗೆ ಇಟ್ಟರೆ ಆಮ್ಲದ ಪ್ರಮಾಣಕ್ಕೆ ತಕ್ಕಂತೆ ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುತ್ತವೆ. ಫಿಲ್ಮ್ ಶೇ. 1ರಷ್ಟು ಕುಗ್ಗಿದ್ದರೂ ಪ್ರೊಜೆಕ್ಟರ್‌ನ ಹಲ್ಲುಗಳಿಗೆ ಅದರ ರಂಧ್ರಗಳು ಕೂರುವುದಿಲ್ಲ, ಓಡಿಸಿದರೆ ಹರಿಯುತ್ತದೆ.

ಬಣ್ಣದ ಪ್ರಿಂಟುಗಳಲ್ಲಿ 1950ರ ದಶಕದಿಂದ 1980ರ ದಶಕದ ಆರಂಭದವರೆಗಿನ ಈಸ್ಟ್‌ಮನ್ ಬಣ್ಣದವು ಹೆಚ್ಚಾಗಿ ಕೆಂಪಾಗಿ ಹೋಗಿವೆ. ಟೆಕ್ನಿಕಲರ್‌ನ ವರ್ಣ ವರ್ಗಾವಣೆಯ ಪ್ರಿಂಟುಗಳು ಮಾತ್ರ ಇವತ್ತಿಗೂ ಬಣ್ಣ ಬಿಟ್ಟಿಲ್ಲ, ಸಂಗ್ರಾಹಕರು ಅವಕ್ಕೆ ಮುಗಿಬೀಳುವುದು ಸುಮ್ಮನೆ ಅಲ್ಲ.

ಡಿಸ್ಕ್ ಮತ್ತು ಟೇಪು

ಪ್ರೊಜೆಕ್ಟರ್ ಗೊಡವೆ ಬೇಡವೆನ್ನುವವರೂ ಈ ಸಂಗ್ರಹ ಮಾಡಬಹುದು. ವಾರ್ನರ್ ಸಂಸ್ಥೆ 2009ರಲ್ಲಿ ಆರಂಭಿಸಿದ ವಾರ್ನರ್ ಆರ್ಕೈವ್ ಸರಣಿ ಬೇಡಿಕೆ ಬಂದಂತೆ ಡಿಸ್ಕ್ ಸುಟ್ಟು ಮಾರುವ ಪದ್ಧತಿಯಿಂದ, ಅಂಗಡಿಯ ಕಪಾಟಿಗೆ ಎಂದೂ ಬರಲಾರದ ಚಿತ್ರಗಳನ್ನು ಹೊರತಂದಿತು. ಹೀಗೆ ಸುಟ್ಟ ಡಿಸ್ಕಿನ ತಳ ನೇರಳೆ ಛಾಯೆಯಲ್ಲಿರುತ್ತದೆ. ಅಚ್ಚು ಹಾಕಿದ ಬೆಳ್ಳಿಬಣ್ಣದ ಡಿಸ್ಕಿನಷ್ಟು ಕಾಲ ಬಾಳುವ ಭರವಸೆ ಅದಕ್ಕಿಲ್ಲವಾದ್ದರಿಂದ ಬೆಳಕಿನಿಂದ ದೂರವಿಡಿರಿ. ಅಮೆರಿಕದಲ್ಲಿ 1964ಕ್ಕೆ ಮುಂಚಿನ ಚಿತ್ರದ ಹಕ್ಕುಸ್ವಾಮ್ಯವನ್ನು 28ನೆಯ ವರ್ಷದಲ್ಲಿ ನವೀಕರಿಸದಿದ್ದರೆ ಅದು ಸಾರ್ವಜನಿಕ ಸ್ವತ್ತಾಗುತ್ತಿತ್ತು. ಹಾಗೆ ಒಡೆಯರಿಲ್ಲದ ಚಿತ್ರಗಳನ್ನು ಯಾರು ಬೇಕಾದರೂ ಮಾರಬಹುದಾದ್ದರಿಂದ ನಕಲಿನ ನಕಲಿನ ನಕಲುಗಳೇ ಹೆಚ್ಚು. ಮುಖಗಳು ಸುಣ್ಣ ಬಳಿದಂತೆ ಬಿಳುಚಿಕೊಂಡು ಮೂಗೇ ಕಾಣದಿದ್ದರೆ ಆ ಪ್ರತಿ ಬೇಡ.

ಪ್ರತಿ ಬಂದ ದಿನವೇ ಒಂದು ಚೀಟಿ ಬರೆದು ಡಬ್ಬಿಯೊಳಗೆ ಇಡುವ ರೂಢಿ ಒಳ್ಳೆಯದು: ಮೂಲ ಅವಧಿ, ಈ ಪ್ರತಿಯ ಅವಧಿ, ಆರಂಭದ ಲಾಂಛನ, ಜೋಡಣೆಗಳು ಯಾವ ರೀಲಿನಲ್ಲಿ ಎಷ್ಟು, ವಾಸನೆ ಇದೆಯೋ ಇಲ್ಲವೋ, ಕಡಿದುಹೋದದ್ದು ಏನೆಂದು ಗೊತ್ತಿದ್ದರೆ ಅದೂ. ಇನ್ನು, ಒಬ್ಬರೇ ಕೂತು ನೋಡಿ ತೀರ್ಪು ಕೊಡಬೇಡಿರಿ. ಚಿತ್ರಮಂದಿರದಲ್ಲಿ ನಗುವವರಿಗೆಂದು ನಟರು ಮಾತಿನ ನಡುವೆ ತಡೆ ಕೊಟ್ಟಿರುತ್ತಾರೆ; ಒಂಟಿಯಾಗಿ ನೋಡುವಾಗ ಎಳೆದಂತೆ ಕಾಣುವ ಆ ತಡೆ ಎಂಟು ಜನ ಕೂಡಿದಾಗ ಸರಿಯಾಗಿ ತುಂಬಿಕೊಳ್ಳುತ್ತದೆ.

ಎಂದಾದರೂ ನಿಮ್ಮ ಪ್ರತಿ ಪಟ್ಟಿಯಲ್ಲಿರುವ ಅವಧಿಗಿಂತ ಉದ್ದವಾಗಿದ್ದರೆ, ಅಥವಾ ಆ ಚಿತ್ರ ಉಳಿದೇ ಇಲ್ಲವೆಂದು ದಾಖಲೆಗಳು ಹೇಳುತ್ತಿದ್ದರೆ, ಪ್ರೊಜೆಕ್ಟರ್‌ಗೆ ಏರಿಸಬೇಡಿರಿ. ಕಾಲೀನ್ ಮೂರ್‌ಳ 1927ರ ಹಾಸ್ಯಚಿತ್ರ ‘ಹರ್ ವೈಲ್ಡ್ ಓಟ್’ ಪ್ರಾಗ್‌ನ ರಾಷ್ಟ್ರೀಯ ಚಲನಚಿತ್ರ ಭಂಡಾರದಲ್ಲಿ ಚೆಕ್ ಭಾಷೆಯ ಶೀರ್ಷಿಕೆಗಳೊಂದಿಗೆ ದೊರೆಯಿತು, ಅವನ್ನು ಮತ್ತೆ ಇಂಗ್ಲಿಷಿಗೆ ತರಬೇಕಾಯಿತು. ‘ವೈ ಬಿ ಗುಡ್?’ ಚಿತ್ರದ ಪ್ರಿಂಟು ಇಟಲಿಯಲ್ಲಿತ್ತು, ಚಿತ್ರದ ಜೊತೆಗೆ ನುಡಿಸುತ್ತಿದ್ದ ಅದರ ಸಂಗೀತದ ವೈಟಾಫೋನ್ ಧ್ವನಿತಟ್ಟೆಗಳು ಬೇರೆ ಕಡೆ ಉಳಿದಿದ್ದವು. ಎರಡನ್ನೂ ಕೂಡಿಸಿದ ಮೇಲೆಯೇ ಚಿತ್ರಕ್ಕೆ ದನಿ ಮರಳಿತು. ಒಂದು ಚಲನಚಿತ್ರ ಭಂಡಾರಕ್ಕೆ ಪತ್ರ ಬರೆಯಿರಿ. ಫಿಲ್ಮಿನ ಅಗಲ, ರೀಲುಗಳ ಸಂಖ್ಯೆ, ಪ್ರತಿ ರೀಲಿನ ಅಡಿ, ಅಂಚಿನ ಬರಹ, ಮೊದಲ ಮತ್ತು ಕೊನೆಯ ಚೌಕಟ್ಟಿನ ಛಾಯಾಚಿತ್ರ ಇಷ್ಟನ್ನು ಜೊತೆಗಿಡಿರಿ, ಮತ್ತು ಉತ್ತರ ಬರುವವರೆಗೆ ಡಬ್ಬಿಯನ್ನು ತಂಪಾದ ಜಾಗದಲ್ಲಿ ಮಲಗಿಸಿಯೇ ಇಡಿರಿ.